ಗುರುವಾರದ ಗ್ಯಾರೇಜ್, ನಾಲ್ಕು ಜನ, ಸರ್ಫ್ ರಾಕ್: ಬರೀ ಖುಷಿಗೆ ನುಡಿಸಿದರೆ ಸಾಲದಾ?

ಗ್ಯಾರೇಜ್ ವೈಣಿಕ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ಪುರುಸೊತ್ತು ಇದ್ದಾಗ ಓದಿ. ನಿಮ್ಮ ಅಭಿಪ್ರಾಯ ನನಗೆ ನಿಜವಾಗಿಯೂ ಬೇಕು.

ಊರು ಮೈಸೂರು. ಈಗಿರೋದು ದಕ್ಷಿಣ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ. ವಯಸ್ಸು 47. ಚಿಕ್ಕಂದಿನಲ್ಲಿ ಆರು ವರ್ಷ ವೀಣೆ ಕಲಿತಿದ್ದೆ, ಜೂನಿಯರ್ ಪರೀಕ್ಷೆನೂ ಪಾಸಾಗಿತ್ತು. ಪಿಯುಸಿಗೆ ಬಂದಾಗ ವೀಣೆ ಗವಸಿನೊಳಗೆ ಹೋಯ್ತು. ಆಮೇಲೆ ಇಂಜಿನಿಯರಿಂಗ್, ಕೆಲಸ, ವೀಸಾ, ಮಕ್ಕಳು. ಮೂವತ್ತು ವರ್ಷ ಹಾಗೇ ಕಳೆದುಹೋಯ್ತು.

ಮೂರು ವರ್ಷದ ಹಿಂದೆ ಒಂದು ಸಂಜೆ ವಾಕಿಂಗ್ ಹೋಗ್ತಿದ್ದೆ. ನಮ್ಮ ಹಿಂದಿನ ಬೀದಿಯ ಒಂದು ಮನೆಯಲ್ಲಿ ಗ್ಯಾರೇಜಿನ ಬಾಗಿಲು ಅರ್ಧ ಎತ್ತಿತ್ತು, ಒಳಗಿಂದ ಗಿಟಾರ್ ಕೇಳಿಸ್ತು. ಫುಟ್‌ಪಾತ್ ಮೇಲೆ ನಿಂತುಬಿಟ್ಟೆ. ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ. ನಾನು ಮೊಟ್ಟಮೊದಲು ಕಲಿತ ಸರಳೆ ವರಸೆಯ ಸ್ವರಗಳು! ಮಾಯಾಮಾಳವಗೌಳದ ಸ್ವರಗಳನ್ನ ಯಾರೋ ಅಮೆರಿಕದವರು ಮಿಂಚಿನ ವೇಗದಲ್ಲಿ, ಬಾವಿಯೊಳಗಿಂದ ಬಂದಂಥ ನಾದದಲ್ಲಿ ನುಡಿಸ್ತಿದ್ದರು.

ಅದು ‘ಮಿಸಿರ್ಲೂ’, ಸರ್ಫ್ ರಾಕ್ ಹಾಡು. ಸರ್ಫ್ ರಾಕ್ ಅಂದರೆ ಇಲ್ಲಿನ ಕಡಲತೀರದ ಅಲೆ ಸವಾರರ ನಡುವೆ ಹುಟ್ಟಿದ ಗಿಟಾರ್ ಸಂಗೀತ. 1962ರಲ್ಲಿ ಗಿಟಾರ್ ವಾದಕ ಡಿಕ್ ಡೇಲ್ ನುಡಿಸಿ ಪ್ರಸಿದ್ಧಿಗೆ ತಂದದ್ದು, 1994ರಲ್ಲಿ ಒಂದು ಹಾಲಿವುಡ್ ಚಿತ್ರದ ಶುರುವಿನಲ್ಲಿ ಬಂದು ಮತ್ತೆ ಲೋಕಕ್ಕೆಲ್ಲ ಕೇಳಿಸಿದ್ದು. ಧಾಟಿ ಅವರ ಸ್ವಂತದ್ದಲ್ಲ. ಮೆಡಿಟರೇನಿಯನ್ ಪೂರ್ವ ತೀರದ ಹಳೇ ಹಾಡು, 1927ರಲ್ಲೇ ಗ್ರೀಕ್ ಭಾಷೆಯಲ್ಲಿ ರೆಕಾರ್ಡ್ ಆಗಿತ್ತು. ಡೇಲ್ ಅವರ ನಿಜವಾದ ಹೆಸರು ರಿಚರ್ಡ್ ಮನ್ಸೂರ್, ತಂದೆಯ ಕಡೆಯವರು ಲೆಬನಾನ್ ಮೂಲದವರು. ಅವರೇ ಹೇಳ್ತಿದ್ದ ಕಥೆ ಇದು: ಒಂದೇ ತಂತಿಯ ಮೇಲೆ ಇಡೀ ಹಾಡು ನುಡಿಸಬಲ್ಲೆಯಾ ಅಂತ ಒಬ್ಬ ಹುಡುಗ ಕೇಳಿದನಂತೆ. ಆಗ ಊದ್ (ಅರಬ್ಬರ ತಂತಿವಾದ್ಯ) ನುಡಿಸ್ತಿದ್ದ ಚಿಕ್ಕಪ್ಪ ನೆನಪಾಗಿ, ಆ ಧಾಟಿಯನ್ನೇ ಹಿಡಿದು ವೇಗ ಹೆಚ್ಚಿಸಿದರಂತೆ.

ಬಾಗಿಲ ಹತ್ತಿರ ಹೋಗಿ, “ನನಗೆ ಈ ಸ್ಕೇಲ್ ಗೊತ್ತು” ಅಂದೆ. ಡ್ರಮ್ಸ್ ಮುಂದೆ ಕೂತಿದ್ದ ಯಜಮಾನರು ಮೂಲೆಯಲ್ಲಿದ್ದ ಗಿಟಾರ್ ತೋರಿಸಿ “ಹಾಗಾದರೆ ಬನ್ನಿ” ಅಂದರು. ಅವತ್ತಿಂದ ಪ್ರತಿ ಗುರುವಾರ ಸಂಜೆ ಏಳೂವರೆಗೆ ಅಲ್ಲಿದೀನಿ.

ನಾವು ನಾಲ್ಕು ಜನ. ಡ್ರಮ್ಸ್‌ನವರಿಗೆ 64, ಪ್ಲಂಬಿಂಗ್ ಕೆಲಸ ಮಾಡಿ ನಿವೃತ್ತರು, ಈಗಲೂ ಬೆಳಿಗ್ಗೆ ಐದಕ್ಕೆ ಸರ್ಫಿಂಗ್ ಹಲಗೆ ಎತ್ತಿಕೊಂಡು ಹಂಟಿಂಗ್‌ಟನ್ ಬೀಚಿಗೆ ಹೋಗ್ತಾರೆ. ಬೇಸ್ ನುಡಿಸೋರು ಶಾಲಾ ಶಿಕ್ಷಕಿ. ರಿದಮ್ ಗಿಟಾರಿಗೆ 29 ವರ್ಷದ ಹುಡುಗ. ಲೀಡ್ ನಾನು. ಹಾಡೋರು ಯಾರೂ ಇಲ್ಲ, ಬೇಕಾಗಿಯೂ ಇಲ್ಲ. ನನಗೆ ಈ ಸಂಗೀತ ಇಷ್ಟವಾದ ಒಂದು ಕಾರಣ ಅದೇ. ಮಾತಿಲ್ಲ, ಉಚ್ಚಾರಣೆಯ ಚಿಂತೆ ಇಲ್ಲ, ತಂತಿಯೇ ಹಾಡಬೇಕು.

ಈಗ ಸಮಸ್ಯೆ. ರಿದಮ್ ಹುಡುಗನಿಗೆ ರೆಕಾರ್ಡ್ ಮಾಡಬೇಕು, ತಿಂಗಳಿಗೊಂದು ಕಡೆ ದುಡ್ಡಿಗೆ ನುಡಿಸಬೇಕು ಅಂತ ಆಸೆ. ಒಂದು ಬಾರ್‌ನವರು ಕೇಳಿಯೂ ಇದ್ದಾರೆ. ಡ್ರಮ್ಸ್‌ನವರು “ಗುರುವಾರ ಗುರುವಾರವಾಗಿಯೇ ಇರಲಿ” ಅಂತಾರೆ. ಶಿಕ್ಷಕಿ ಎರಡಕ್ಕೂ ಸೈ. ಎಲ್ಲರ ಕಣ್ಣೂ ನನ್ನ ಮೇಲೆ. ನನಗೆ ಆ ಎರಡೂವರೆ ಗಂಟೆ ಬೇಕು, ಅದಕ್ಕಿಂತ ಹೆಚ್ಚು ಬೇಡ. ಆದರೆ ಯುವಕನ ಆಸೆಗೆ ಅಡ್ಡ ಬಂದ ಹಾಗಾಗುತ್ತಾ? ಇಂಥದ್ದು ಅನುಭವಿಸಿದವರು ಹೇಳಿ.

ಇನ್ನೊಂದು: ವೇಗದ ಮೀಟಿಗೆ ಬಲಗೈ ಮೊಣಕೈಯಿಂದ ಕೆಳಗೆ ನೋಯುತ್ತೆ. ಅದಕ್ಕೂ ಏನಾದರೂ ತಿಳಿದಿದ್ದರೆ ಹೇಳಿ.

ಸಸಿಹಿತ್ಲು ಅಲೆ:

ಓದಿ ಮೈ ಜುಂ ಎಂದಿತು ಮಾರಾಯ್ರೆ. ನಮ್ಮ ಮೂಲ್ಕಿಯಲ್ಲಿ ಸರ್ಫಿಂಗ್ ಶುರುವಾಗಿ ಎಷ್ಟೋ ವರ್ಷ ಆಯ್ತು, ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಸ್ಪರ್ಧೆಯೂ ಆಯ್ತು. ಅಲೆ ಉಂಟು, ಹಲಗೆ ಉಂಟು, ಆ ಸಂಗೀತ ಮಾತ್ರ ಇರ್ಲಿಲ್ಲ. ನಾವು ಮೂರು ಜನ ಸೇರಿ ಎರಡು ವರ್ಷದಿಂದ ನುಡಿಸ್ತಾ ಇದ್ದೇವೆ: ಒಂದು ಗಿಟಾರ್, ಒಂದು ಬೇಸ್, ಡ್ರಮ್ಸ್‌ಗೆ ಬದಲು ಕಹೋನ್, ಅಂದ್ರೆ ಮೇಲೆ ಕೂತು ಕೈಯಲ್ಲಿ ಬಾರಿಸುವ ಮರದ ಪೆಟ್ಟಿಗೆ. ಜಾಗ ನನ್ನ ಮಾವನ ಮನೆಯ ಹಿಂದಿನ ಬಲೆ ಇಡುವ ಕೊಟ್ಟಿಗೆ. ಯಾಂತ್ರಿಕ ದೋಣಿಗಳಿಗೆ ರಜೆಯ ಜೂನ್, ಜುಲೈಯಲ್ಲೇ ನಮ್ಮ ಅಭ್ಯಾಸ ಜಾಸ್ತಿ. ಆಗ ಹೊರಗೆ ಕಡಲು ಎಷ್ಟು ಬೊಬ್ಬೆ ಹಾಕ್ತದೆ ಹೇಳಿದ್ರೆ, ನಮ್ಮ ಶಬ್ದದ ಬಗ್ಗೆ ಯಾರೂ ದೂರು ಕೊಡುವುದಿಲ್ಲ.

ಒಂದೇ ತೊಂದರೆ, ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುವುದು. ನುಡಿಸಿದ ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ ಚೀಲದಲ್ಲಿ ಇಡಬೇಕು.

ನಿಮ್ಮ ಪ್ರಶ್ನೆಗೆ: ನಾವು ಯಾರಿಗೂ ನುಡಿಸಿ ತೋರಿಸಿದ್ದಿಲ್ಲ. ನನಗೆ ಅದರಲ್ಲಿ ಕೊರತೆ ಕಾಣುವುದಿಲ್ಲ. ಮಾವ ಬಲೆ ಹೆಣೆಯುತ್ತಾ ಕೇಳ್ತಾರೆ, ಅಷ್ಟೆ. ಒಂದು ಸಲ ಕೇಳಿದ್ರು, “ಇದಕ್ಕೆ ಸ್ಯಾಕ್ಸೋಫೋನ್ ಸೇರಿದ್ರೆ ಚಂದ ಅಲ್ವಾ?” ಕದ್ರಿ ಗೋಪಾಲನಾಥರನ್ನು ಕೇಳಿ ಬೆಳೆದ ಕಿವಿ ಅವರದ್ದು. ನಿಜಕ್ಕೂ ಹಳೆಯ ಸರ್ಫ್ ಬ್ಯಾಂಡುಗಳಲ್ಲಿ ಸ್ಯಾಕ್ಸೋಫೋನ್ ಇತ್ತು! ಅವರಿಗೆ ಅದು ಹೇಗೆ ಹೊಳೆಯಿತೋ.

ಮಲ್ಲೇಶ್ವರದ ಬೇಸ್:

ಸರ್, ನಾನು ಕಹಿ ಅನುಭವ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ನಮ್ಮದೂ ಐದು ಜನರ ತಂಡ ಇತ್ತು. ಭಾನುವಾರ ಬೆಳಿಗ್ಗೆ ಜ್ಯಾಮ್ ರೂಮ್ ಬಾಡಿಗೆಗೆ ತಗೊಂಡು ಎರಡು ಗಂಟೆ ನುಡಿಸಿ, ಆಮೇಲೆ ಎಲ್ಲರೂ ಸೇರಿ ದೋಸೆ ತಿಂದು ಮನೆಗೆ. ನಾಲ್ಕು ವರ್ಷ ಹೀಗೇ ನಡೀತು. ಆಮೇಲೆ ಒಬ್ಬರಿಗೆ ಪಬ್‌ನಲ್ಲಿ ಪರಿಚಯ ಇತ್ತು, ಶೋ ಸಿಕ್ತು, ಇನ್ನೊಂದು ಸಿಕ್ತು. ಅಲ್ಲಿಂದ ಭಾನುವಾರ ಅಂದ್ರೆ ರಿಹರ್ಸಲ್. ಯಾರು ತಡವಾಗಿ ಬಂದ್ರು, ಯಾರು ಪಾಠ ಮಾಡ್ಕೊಂಡು ಬರಲಿಲ್ಲ, ಯಾರ ಆಂಪ್ (ಆಂಪ್ಲಿಫೈಯರ್) ಜಾಸ್ತಿ ಜೋರು. ಪಬ್‌ನವರು ದುಡ್ಡು ಕೊಡೋದಕ್ಕೆ ಮೂರು ತಿಂಗಳು ಅಲೆದಾಡಿಸಿದ್ರು. ಅದನ್ನ ಹಂಚಿಕೊಳ್ಳೋ ವಿಷಯದಲ್ಲಿ, ಇಪ್ಪತ್ತು ವರ್ಷದ ಸ್ನೇಹಿತರು ಒಬ್ಬರ ಮುಖ ಒಬ್ಬರು ನೋಡದ ಹಾಗಾಯ್ತು. ದುಡ್ಡು ಎಷ್ಟು ಗೊತ್ತಾ? ತಲೆಗೆ 900 ರೂಪಾಯಿ.

ತಪ್ಪು ಶೋ ಮಾಡಿದ್ದಲ್ಲ ಅಂತ ಈಗ ಅನ್ಸುತ್ತೆ. ನಮ್ಮಲ್ಲಿ ಯಾರಿಗೆ ಏನು ಬೇಕು ಅಂತ ಒಂದು ಸಲವೂ ಕೂತು ಮಾತಾಡಲಿಲ್ಲ. ನೀವು ಮಾತಾಡಿ, ಗಿಟಾರ್ ಕೆಳಗಿಟ್ಟು ಮಾತಾಡಿ.

ಒಸಾಕಾ ಕನ್ನಡತಿ:

ಗ್ಯಾರೇಜ್ ವೈಣಿಕರೇ, ನೀವು ಜಪಾನಿಗೆ ಬಂದಿದ್ದರೆ ಈ ಪ್ರಶ್ನೆಯೇ ನಿಮಗೆ ಬರುತ್ತಿರಲಿಲ್ಲ ಅನಿಸುತ್ತೆ.

ವಾಷಿಂಗ್ಟನ್ ರಾಜ್ಯದ ಟಕೋಮಾದಿಂದ ಬಂದ ವೆಂಚರ್ಸ್ ತಂಡ 1965ರಲ್ಲಿ ಇಲ್ಲಿ ಪ್ರವಾಸ ಮಾಡಿದಾಗ ದೇಶಕ್ಕೆ ದೇಶವೇ ಎಲೆಕ್ಟ್ರಿಕ್ ಗಿಟಾರಿಗೆ ಮರುಳಾಯ್ತು. ಇಲ್ಲಿನವರ ಬಾಯಲ್ಲಿ ಅದು ‘ಎಲೆಕಿ’. ಹುಡುಗರು ಓದು ಬಿಡ್ತಾರೆ ಅಂತ ಕೆಲವು ಕಡೆ ಶಾಲೆಗಳು ಗಿಟಾರನ್ನೇ ನಿಷೇಧಿಸಿದವು. ಆವತ್ತು ಗಿಟಾರ್ ಬಚ್ಚಿಟ್ಟ ಹುಡುಗರು ಈಗ ಎಪ್ಪತ್ತು ದಾಟಿದ ತಾತಂದಿರು, ಈಗಲೂ ನುಡಿಸ್ತಾರೆ! ನಡುವಯಸ್ಸಿನವರ ಇಂಥ ತಂಡಗಳಿಗೆ ‘ಓಯಾಜಿ ಬ್ಯಾಂಡ್’ ಅಂತಾರೆ, ಅಂದರೆ ಅಪ್ಪಂದಿರ ಬ್ಯಾಂಡ್.

ನಾನು ಒಂದೂವರೆ ವರ್ಷದಿಂದ ಅಂಥ ತಂಡವೊಂದರಲ್ಲಿ ಆರ್ಗನ್ ನುಡಿಸ್ತಿದ್ದೇನೆ. ನಮ್ಮ ಆಫೀಸಿನ ಹಿರಿಯರೊಬ್ಬರು ಕರೆದರು. ಉಳಿದವರೆಲ್ಲ ಗಂಡಸರು, 60 ದಾಟಿದವರು, ಒಂದೇ ಬಣ್ಣದ ಕೋಟು. ಬಾಡಿಗೆ ಸ್ಟುಡಿಯೋದಲ್ಲಿ ಎರಡು ಗಂಟೆ. ಸಮಯ ಅಂದರೆ ಸಮಯ, ಏಳು ಗಂಟೆಗೆ ಮೊದಲ ತಾಳ ಬಿದ್ದಿರಬೇಕು. ಯಾರಿಗೂ ದುಡ್ಡು ಬೇಡ, ಹೆಸರು ಬೇಡ. ಆದರೂ ಒಂದು ಪಲುಕು ಸರಿಯಾಗಲಿಲ್ಲ ಅಂದರೆ ನಲವತ್ತು ಸಲ ನುಡಿಸುತ್ತಾರೆ. ‘ಖುಷಿಗೆ’ ಅಂದರೆ ಹೇಗೋ ಒಂದು ನಡೆದುಹೋಗಲಿ ಅಂತ ನಾನು ತಿಳಿದಿದ್ದೆ, ಇವರು ಆ ತಿಳಿವಳಿಕೆ ಬದಲಿಸಿದರು.

ಹುಡುಗಿಯರು ಈ ಸಂಗೀತದಲ್ಲಿ ಇರಲಿಲ್ಲ ಅನ್ನೋರಿಗೆ ಒಂದು ಮಾತು. ನಿಮ್ಮ ಆರೆಂಜ್ ಕೌಂಟಿಯಲ್ಲೇ ಕ್ಯಾಥಿ ಮಾರ್ಷಲ್ ಅನ್ನೋ ಹದಿಹರೆಯದ ಹುಡುಗಿ ಅರವತ್ತರ ದಶಕದ ಸರ್ಫ್ ಬ್ಯಾಂಡುಗಳ ಜೊತೆ ಲೀಡ್ ಗಿಟಾರ್ ನುಡಿಸುತ್ತಿದ್ದಳು. ನಿಮ್ಮ ಶಿಕ್ಷಕಿಗೆ ಹೇಳಿ.

ಧಾರವಾಡ ತಬಲಾ:

ನಮ್ಮ ಹಿಂದೂಸ್ತಾನಿ ಕಡೆ ಹೇಳಬೇಕಂದ್ರ ಆ ಸ್ವರ ಭೈರವ ಥಾಟ್ ಆತ್ರಿ. ಭೈರವ ಅಂದ್ರ ಮುಂಜಾನಿ ರಾಗ, ಶಾಂತ, ಗಂಭೀರ. ಅದ ಸ್ವರದಾಗ ಇಂಥಾ ಉಕ್ಕು ಬರ್ತೈತಿ ಅಂತ ನಂಗ ಗೊತ್ತಿರಲಿಲ್ಲ. ನಿನ್ನೆ ರಾತ್ರಿ ಐದಾರು ಸಲ ಕೇಳಿದೆ.

ತಾಳದ ಬಗ್ಗೆ ಒಂದ್ ಮಾತ್ ಹೇಳ್ತೀನ್ರಿ. ಸರ್ಫ್ ಬೀಟ್ ನೋಡಾಕ ಭಾಳ ಸರಳ: ಒಂದಕ್ಕ ದುಂ, ಎರಡಕ್ಕ ಟ-ಟ ಅಂತ ಜೋಡಿ ಹೊಡತ, ಮೂರಕ್ಕ ದುಂ, ನಾಕಕ್ಕ ಒಂದ ಟ. ಆ ಎರಡನೇ ಮಾತ್ರಾದಾಗಿನ ಜೋಡಿ ಹೊಡತಾನ ಎಲ್ಲಾ. ಅದು ಇದ್ರ ಅಲಿ ಮುಂದ ತಳ್ಳತೈತಿ, ತಗದ್ರ ಬರೇ ಮಾರ್ಚಿಂಗ್. ಡಿಕ್ ಡೇಲ್ ಅವರು ಚಿಕ್ಕವರಿದ್ದಾಗ ಅವರ ಚಿಕ್ಕಪ್ಪನ ಕಡೆಯಿಂದ ಅರಬ್ಬಿ ಡೋಲೂ ಕಲಿತಿದ್ರಂತ, ಆ ಡೋಲಿನ ನಡಿಗೀನ ಅವರ ಮೀಟುವ ಎಡಗೈಯಾಗ ಬಂದಿತ್ತು. ಹಂಗಾಗಿ ಅವರ ಗಿಟಾರ್ ಕೇಳಿದ್ರ ನಮ್ಮ ತಬಲಾದವ್ರಿಗೆ ರೇಲಾ, ಅಂದ್ರ ಬಿಡುವಿಲ್ಲದ ವೇಗದ ಬೋಲು, ಕೇಳಿದಂಗ ಆಗತೈತಿ.

ಕೈ ನೋವಿಗೆ ನನ್ನ ಗುರುಗಳು ಹೇಳಿದ್ದು: ವೇಗ ಬೇಕಂದ್ರ ಬಲ ಕಡಿಮಿ ಮಾಡು. ಮಣಿಕಟ್ಟು ಸಡಲ ಇರಬೇಕು, ಮೊಣಕೈ ಬಿಗಿ ಆತಂದ್ರ ನಿಲ್ಲಿಸಬೇಕು. ಅರ್ಧ ವೇಗದಾಗ ಹತ್ತು ನಿಮಿಷ ನುಡಿಸ್ರಿ, ಒಂದೊಂದು ಹೊಡತಾನೂ ಸಮ ಕೇಳಬೇಕು. ಸಮ ಆದ ಮ್ಯಾಲೆ ಸ್ವಲ್ಪ ಸ್ವಲ್ಪ ಏರಸ್ರಿ. ಅವಸರ ಬ್ಯಾಡ.

ಸರಾಣಿ ತಂತಿ:

ನಾನು ವೀಣೆ ಪಾಠ ಹೇಳುವವಳು, ಶಿವಮೊಗ್ಗ. ಗಿಟಾರಿನ ಬಗ್ಗೆ ಹೆಚ್ಚು ಗೊತ್ತಿಲ್ಲ. ಆದರೂ ನೀವು ಬರೆದದ್ದರಲ್ಲಿ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು: ಒಂದೇ ತಂತಿಯ ಮೇಲೆ ಇಡೀ ಧಾಟಿ.

ಗಿಟಾರಿನವರು ಸಾಮಾನ್ಯವಾಗಿ ತಂತಿಯಿಂದ ತಂತಿಗೆ ಅಡ್ಡಕ್ಕೆ ಹೋಗುತ್ತಾರೆ. ನಾವು ಹೋಗುವುದು ಸರಾಣಿಯ (ವೀಣೆಯ ಮೊದಲ ತಂತಿಯ) ಮೇಲೆ, ಉದ್ದಕ್ಕೆ. ಆ ಹುಡುಗ ಸವಾಲಾಗಿ ಕೇಳಿದ್ದು ನಮಗೆ ದಿನನಿತ್ಯದ ಪಾಠ. ನಿಮ್ಮ ಎಡಗೈಗೆ ಆ ಅಂತರಗಳು ಆರು ವರ್ಷ ರೂಢಿಯಾಗಿವೆ. ರಿಷಭದಿಂದ ಗಾಂಧಾರಕ್ಕೆ ಇರುವ ಆ ದೊಡ್ಡ ಹಾರು ನಿಮಗೆ ಯೋಚನೆ ಇಲ್ಲದೆ ಬರುತ್ತದೆ. ಮೂವತ್ತು ವರ್ಷ ಕಳೆದುಹೋಯಿತು ಎಂದು ಬರೆದಿದ್ದೀರಿ. ಕೈ ಮರೆತಿರಲಿಲ್ಲ ಅಲ್ಲವೇ? ಅದಕ್ಕೇ ಅಲ್ಲವೇ ನೀವು ಆ ಬಾಗಿಲ ಹತ್ತಿರ ಹೋದದ್ದು?

ಒಂದು ಕೇಳಬೇಕು. ಮಾಯಾಮಾಳವಗೌಳದ ಸ್ವರಗಳು ಬಂದ ಮಾತ್ರಕ್ಕೆ ರಾಗ ಬಂತೆಂದು ನಾನು ಒಪ್ಪುವುದಿಲ್ಲ. ಸ್ವರವನ್ನು ತೂಗಿ ಎಳೆಯುವ ಗಮಕ ಎಲ್ಲಿದೆ?

ಗ್ಯಾರೇಜ್ ವೈಣಿಕ:

ಮೇಡಂ, ನೀವು ಹೇಳಿದ್ದು ಸರಿ. ಸ್ವರ ಒಂದೇ, ರಾಗ ಬೇರೆ. ಅರಬ್ಬರು ಈ ಸ್ವರಸಮೂಹಕ್ಕೆ ಹಿಜಾಜ್ ಕಾರ್ ಅಂತಾರೆ, ಅವರದ್ದು ಅವರ ನಡೆ. ಗಮಕದ ಬಗ್ಗೆ ಮಾತ್ರ ನನ್ನ ಅನುಭವ ಹೇಳ್ತೀನಿ. ಫೆಂಡರ್ ಕಂಪನಿಯ ಜಾಝ್‌ಮಾಸ್ಟರ್, ಜಾಗ್ವಾರ್ ಗಿಟಾರುಗಳಲ್ಲಿ ತಂತಿಗಳ ಬುಡಕ್ಕೆ ಒಂದು ಕಬ್ಬಿಣದ ಹಿಡಿ ಇರುತ್ತೆ. ಅದನ್ನ ಮೆಲ್ಲಗೆ ಒತ್ತಿ ಬಿಟ್ಟರೆ ಇಡೀ ಸ್ವರ ಕೆಳಗಿಳಿದು ಮೇಲೇಳುತ್ತೆ. ವೀಣೆಯಲ್ಲಿ ತಂತಿ ಎಳೆದರೆ ಸ್ವರ ಮೇಲೆ ಹೋಗುತ್ತೆ, ಇಲ್ಲಿ ಕೆಳಗೆ. ಮೊದಮೊದಲು ಕೈ ಗೊಂದಲಕ್ಕೆ ಬೀಳ್ತಿತ್ತು. ಈಗ ನಿಧಾನದ ಹಾಡುಗಳಲ್ಲಿ ಎಡಗೈಯಿಂದ ಎಳೆಯೋದು, ಬಲಗೈಯಿಂದ ಒತ್ತೋದು ಎರಡೂ ಮಾಡ್ತೀನಿ. ಅದು ಗಮಕ ಅಂತ ಹೇಳೋ ಧೈರ್ಯ ನನಗಿಲ್ಲ, ಆದರೆ ಅದು ವೀಣೆಯಿಂದಲೇ ಬಂದದ್ದು.

‘ಬಾವಿಯೊಳಗಿಂದ ಬಂದ ನಾದ’ ಅಂದೆನಲ್ಲ, ಅದೇನು ಅಂತ ಇಬ್ಬರು ಖಾಸಗಿಯಾಗಿ ಕೇಳಿದ್ದಾರೆ. ಅದು ಸ್ಪ್ರಿಂಗ್ ರಿವರ್ಬ್. ಒಂದು ಉದ್ದದ ತಗಡಿನ ಪೆಟ್ಟಿಗೆಯೊಳಗೆ ತೆಳ್ಳನೆಯ ಸ್ಪ್ರಿಂಗುಗಳನ್ನ ತೂಗುಹಾಕಿರ್ತಾರೆ. ಗಿಟಾರಿನ ಸಂಕೇತ ಒಂದು ತುದಿಯಲ್ಲಿ ಸ್ಪ್ರಿಂಗನ್ನ ಅಲುಗಿಸುತ್ತೆ, ಆ ಅಲುಗಾಟ ಇನ್ನೊಂದು ತುದಿಗೆ ಹೋಗಿ, ವಾಪಸ್ ಬಂದು, ಮತ್ತೆ ಹೋಗಿ, ಹಾಗೇ ನಿಧಾನಕ್ಕೆ ಸಾಯುತ್ತೆ. ಆ ತುದಿಯಲ್ಲಿ ಅದನ್ನ ಹಿಡಿದು ಮತ್ತೆ ವಿದ್ಯುತ್ ಸಂಕೇತ ಮಾಡಿ ಆಂಪಿಗೆ ಕಳಿಸ್ತಾರೆ. ಹ್ಯಾಮಂಡ್ ಆರ್ಗನ್‌ಗೆ ಅಂತ ಬಳಸ್ತಿದ್ದ ಉಪಾಯ. ಫೆಂಡರ್‌ನವರು 1961ರಲ್ಲಿ ಅದನ್ನ ಗಿಟಾರಿಗೆ ಪ್ರತ್ಯೇಕ ಪೆಟ್ಟಿಗೆಯಾಗಿ ತಂದರು. ಮೂರೇ ಗುಂಡಿ: ಡ್ವೆಲ್, ಮಿಕ್ಸರ್, ಟೋನ್. ಅಂಗೈಯಂಚಿನಿಂದ ತಂತಿಯನ್ನ ಅರ್ಧ ಅದುಮಿ ಮೀಟಿದರೆ ನೀರಿನ ಹನಿ ಬಿದ್ದ ಹಾಗೆ ‘ಟಿಪ್ ಟಿಪ್’ ಅನ್ನುತ್ತೆ, ಇಲ್ಲಿನವರು ಅದಕ್ಕೆ ‘ಡ್ರಿಪ್’ ಅಂತಾರೆ. ಪೆಟ್ಟಿಗೆಗೆ ಕಾಲು ತಾಗಿದರೆ ಗುಡುಗು. ಬೆಲೆ ಜಾಸ್ತಿ. ಮನೆಯಲ್ಲಿ ನಾನು ಬಳಸೋದು ಸಣ್ಣ ಡಿಜಿಟಲ್ ಪೆಡಲ್, ಕಲಿಯೋಕೆ ಅದು ಧಾರಾಳ ಸಾಕು.

ಮಲ್ಲೇಶ್ವರದವರೇ, ನೀವು ಬರೆದದ್ದನ್ನ ಎರಡು ಸಲ ಓದಿದೆ. ಮಾತಾಡ್ತೀನಿ.

ತಾರೀಖು ಬೇಕು:

ನಾನು ಬೇರೆ ಮಾತು ಹೇಳ್ತೀನಿ. ಇಲ್ಲಿ ಎಲ್ಲರೂ ‘ಶೋ ಬೇಡ’ ಅನ್ನೋ ಕಡೆಗೇ ವಾಲ್ತಿದ್ದೀರಿ. ಯಾರ ಮುಂದೆಯೂ ನುಡಿಸೋದೇ ಇಲ್ಲ ಅಂದ್ರೆ ತಂಡ ಒಳಗೊಳಗೇ ಜಡ್ಡುಗಟ್ಟುತ್ತೆ. ನಮ್ಮದು ತುಮಕೂರಿನಲ್ಲಿ ಹಾಗೇ ಆಯ್ತು. ಮೂರು ವರ್ಷ ಅದೇ ಹನ್ನೆರಡು ಹಾಡು, ಪ್ರತಿಯೊಂದೂ ಮುಕ್ಕಾಲು ಭಾಗ ಮಾತ್ರ. ಕೊನೆ ಯಾರಿಗೂ ಬರ್ತಿರಲಿಲ್ಲ, ಯಾಕಂದ್ರೆ ಕೊನೆವರೆಗೆ ನುಡಿಸಬೇಕಾದ ದಿನವೇ ಇರಲಿಲ್ಲ. ನಿಧಾನಕ್ಕೆ ಒಬ್ಬೊಬ್ಬರೇ ಬರೋದು ನಿಲ್ಲಿಸಿದರು. ಜಗಳ ಇಲ್ಲ, ಏನಿಲ್ಲ, ಸುಮ್ಮನೆ ನಿಂತುಹೋಯ್ತು. ಮಲ್ಲೇಶ್ವರದವರ ಜಗಳಕ್ಕಿಂತ ಇದೇನೂ ಕಮ್ಮಿ ನೋವಲ್ಲ.

ಇತಿಹಾಸ ನೋಡಿ. ಡಿಕ್ ಡೇಲ್ 1961ರಲ್ಲಿ ಬಾಲ್ಬೋವಾದ ರೆಂಡೆವೂ ಬಾಲ್‌ರೂಮ್‌ನಲ್ಲಿ ನುಡಿಸ್ತಿದ್ದದ್ದು ಕುಣಿಯೋ ಹುಡುಗರಿಗೆ. ಆ ಜನಸಂದಣಿ, ಆ ಗದ್ದಲ ಇಲ್ಲದಿದ್ರೆ ಲಿಯೋ ಫೆಂಡರ್‌ಗೆ ಅಷ್ಟು ದೊಡ್ಡ ಆಂಪ್, 15 ಇಂಚಿನ ಸ್ಪೀಕರ್ ಕಟ್ಟೋ ಅಗತ್ಯ ಏನಿತ್ತು? ಕೇಳುಗರಿಂದಲೇ ಆ ನಾದ ಹುಟ್ಟಿದ್ದು. ವರ್ಷಕ್ಕೆ ಒಂದಾದ್ರೂ ತಾರೀಖು ಗೊತ್ತುಮಾಡಿ. ದುಡ್ಡು ಬೇಡ ಅಂದ್ರೆ ಬೇಡ.

ಒಸಾಕಾ ಕನ್ನಡತಿ:

ಇದನ್ನು ಒಪ್ಪುತ್ತೇನೆ. ನಮ್ಮ ತಾತಂದಿರೂ ನವೆಂಬರಿನಲ್ಲಿ ಬಡಾವಣೆಯ ಸಭಾಂಗಣದಲ್ಲಿ ಒಂದು ಸಲ ನುಡಿಸುತ್ತಾರೆ. ಕೇಳುವವರು ಮೂವತ್ತು ಜನ, ಹೆಚ್ಚಿನವರು ಹೆಂಡತಿ ಮಕ್ಕಳು ಮೊಮ್ಮಕ್ಕಳು. ಅಕ್ಟೋಬರ್ ತಿಂಗಳಿಡೀ ಅಭ್ಯಾಸದ ಬಿಗಿಯೇ ಬೇರೆ.

ಸಸಿಹಿತ್ಲು ಅಲೆ:

ಕುಣಿಯುವವರಿಗೆ ನುಡಿಸಿದ್ದು ಹೌದು. ಆದ್ರೆ ನುಡಿಸಿದವರು ಯಾರು ಅಂತಲೂ ನೋಡಬೇಕು. ‘ಪೈಪ್‌ಲೈನ್’ ಹಾಡು ಮಾಡಿದ ಶಾಂಟೇಸ್ ತಂಡದವರು ಸಾಂಟಾ ಆನಾದ ಹೈಸ್ಕೂಲ್ ಹುಡುಗರು. 1963ರಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಹೋಯ್ತು. ‘ವೈಪ್ ಔಟ್’ ಮಾಡಿದ ಸರ್ಫಾರಿಸ್ ಕೂಡ ಶಾಲೆಯ ಮಕ್ಕಳೇ. ರೆಕಾರ್ಡಿನ ಇನ್ನೊಂದು ಬದಿ ತುಂಬಿಸಲಿಕ್ಕೆ ಅಂತ ಸ್ಟುಡಿಯೋದಲ್ಲೇ ಕಟ್ಟಿದ ಹಾಡು ಅದು, ಎರಡನೇ ಸ್ಥಾನಕ್ಕೆ ಹೋಯ್ತು! ಅದರ ಡ್ರಮ್ಸ್ ಭಾಗ ರಾನ್ ವಿಲ್ಸನ್ ತನ್ನ ಶಾಲೆಯ ಮಾರ್ಚಿಂಗ್ ಬ್ಯಾಂಡಿನಲ್ಲಿ ಬಾರಿಸ್ತಿದ್ದದ್ದು. ಮರುವರ್ಷ 1964ರಲ್ಲಿ ಬೀಟಲ್ಸ್ ಬಂದ ಮೇಲೆ ಅಲೆ ಇಳಿಯಿತು, ಆ ಹುಡುಗರಲ್ಲಿ ಹೆಚ್ಚಿನವರು ಬೇರೆ ಕೆಲಸಕ್ಕೆ ಹೋದರು.

ನನಗೆ ಅನಿಸುವುದು, ಈ ಸಂಗೀತದಲ್ಲಿ ‘ಹವ್ಯಾಸಿ’ ಹೇಳುವ ಶಬ್ದ ಸಣ್ಣದಲ್ಲ. ನಮ್ಮ ಕಡೆ ಹವ್ಯಾಸಿ ಯಕ್ಷಗಾನ ತಂಡಗಳು ಎಷ್ಟು ಇಲ್ಲ? ಬ್ಯಾಂಕಿನವರು, ಮೇಷ್ಟ್ರುಗಳು ಬಣ್ಣ ಹಚ್ಚಿ ಕುಣಿಯುತ್ತಾರೆ. ಅವರು ಮೇಳಕ್ಕೆ ಸೇರಲಿಲ್ಲ ಅಂತ ಯಾರಾದ್ರೂ ಕೇಳ್ತಾರಾ?

ಗ್ಯಾರೇಜ್ ವೈಣಿಕ:

ಐದು ವಾರ ಆಯ್ತು ಇಲ್ಲಿಗೆ ಬರದೆ. ಏನಾಯ್ತು ಅಂತ ಹೇಳ್ತೀನಿ.

ಗಿಟಾರ್ ಕೆಳಗಿಟ್ಟು ಮಾತಾಡಿದ್ವಿ. ನಾನು ಮೊದಲೇ ನನ್ನ ಮನಸ್ಸಿನಲ್ಲಿದ್ದದ್ದು ಹೇಳಿಬಿಟ್ಟೆ: ವೀಣೆ ಕಲಿಯುವಾಗ ಪ್ರತಿ ಪಾಠವೂ ಪರೀಕ್ಷೆಯ ಕಡೆಗೇ ಹೋಗ್ತಿತ್ತು, ಮುಂದಿನದ್ದು ಸೀನಿಯರ್, ಆಮೇಲೆ ವಿದ್ವತ್. ಸೀನಿಯರ್ ಪರೀಕ್ಷೆಗೆ ಕೂರಲಾಗದ ವರ್ಷ ವೀಣೆಯೇ ಬಿಟ್ಟುಹೋಯ್ತು, ಅದಿಲ್ಲದೆ ಇದು ಯಾಕೆ ಅಂತ. ಈ ಗ್ಯಾರೇಜಿನಲ್ಲಿ ಮುಂದಿನದ್ದು ಅಂತ ಒಂದು ಇರಲಿಲ್ಲ, ಅದಕ್ಕೇ ನಾನು ಉಳಿದೆ. ಹುಡುಗ ಪೂರ್ತಿ ಕೇಳಿಸಿಕೊಂಡ. ಆಮೇಲೆ ಅವನು ಹೇಳಿದ, ಅವನಿಗೆ ಬೇಕಾಗಿದ್ದದ್ದು ದುಡ್ಡಲ್ಲ. ಅವನ ತಂದೆ ಕೂಡ ಒಂದು ಬ್ಯಾಂಡಿನಲ್ಲಿದ್ದರಂತೆ, ತೀರಿಕೊಂಡ ಮೇಲೆ ಮನೆಯಲ್ಲಿ ಅವರು ನುಡಿಸಿದ ಒಂದು ನಿಮಿಷದ ಟೇಪೂ ಸಿಗಲಿಲ್ಲವಂತೆ. ಮೂರು ವರ್ಷ ಪ್ರತಿ ಗುರುವಾರ ಜೊತೆಗಿದ್ದರೂ ನಮಗ್ಯಾರಿಗೂ ಈ ವಿಷಯ ಗೊತ್ತಿರಲಿಲ್ಲ.

ಹಾಗಾಗಿ ಎರಡು ತೀರ್ಮಾನ ಆಯ್ತು. ಶಿಕ್ಷಕಿ ತಮ್ಮ ಶಾಲೆಯಿಂದ ಎರಡು ಮೈಕ್ ತಂದರು, ಎರಡು ಗುರುವಾರ ಗ್ಯಾರೇಜಿನಲ್ಲೇ ಆರು ಹಾಡು ರೆಕಾರ್ಡ್ ಆಯ್ತು. ನಾಲ್ಕೂ ಜನಕ್ಕೆ ಒಂದೊಂದು ಪ್ರತಿ. ಮೂರನೇ ಹಾಡಿನ ಮಧ್ಯೆ ಒಂದು ಲಾರಿ ಹಾದುಹೋಗಿದೆ, ಅದನ್ನ ಹಾಗೇ ಬಿಟ್ವಿ. ಬಾರ್ ಬೇಡ ಅಂತ ಆಯ್ತು. ಅದರ ಬದಲು ವರ್ಷಕ್ಕೊಂದು ಸಂಜೆ, ಗ್ಯಾರೇಜಿನ ಬಾಗಿಲು ಪೂರ್ತಿ ಎತ್ತಿ ಬೀದಿಯವರಿಗೆ. ಮೊದಲನೆಯದು ಕಳೆದ ಶನಿವಾರ ಆಯ್ತು. ಸುಮಾರು ಐವತ್ತು ಜನ, ಮಡಚುವ ಕುರ್ಚಿ ಅವರೇ ತಂದಿದ್ದರು. ನನ್ನ ಹೆಂಡತಿ ಚಿತ್ರಾನ್ನ ಮಾಡಿದ್ದಳು, ಎರಡನೇ ಹಾಡು ಮುಗಿಯೋದರೊಳಗೆ ಪಾತ್ರೆ ಖಾಲಿ. ಹಾಡುಗಳಿಗೆಲ್ಲ ಕೊನೆ ಬರುವಂತೆ ಅಭ್ಯಾಸ ಮಾಡಿಕೊಂಡೇ ಹೋಗಿದ್ವಿ, ತುಮಕೂರಿನವರಿಗೆ ಅದಕ್ಕೆ ಋಣಿ.

‘ಮಿಸಿರ್ಲೂ’ ಶುರು ಮಾಡೋ ಮುಂಚೆ ನಾನು ಒಂದು ಆವರ್ತ ಸರಳೆ ವರಸೆ ನುಡಿಸಿದೆ, ನಿಧಾನಕ್ಕೆ, ದಪ್ಪ ತಂತಿಯ ಮೇಲೆ. ಪುರಂದರದಾಸರ ಕಾಲದಿಂದ ನಮ್ಮ ಮಕ್ಕಳು ಇದನ್ನೇ ಮೊದಲು ಕಲಿಯೋದು ಅಂತ ಹೇಳಿದೆ. ಡ್ರಮ್ಸ್ ಸೇರಿದ ಮೇಲೆ ಒಂದನೇ ಕಾಲ, ಎರಡನೇ ಕಾಲ, ಆಮೇಲೆ ನೇರ ಹಾಡಿಗೆ. ಮಧ್ಯದಲ್ಲಿ ನಾನು ಸ್ವಲ್ಪ ಓಡಿದೆ, ಡ್ರಮ್ಸ್‌ನವರು ಹಿಡಿದು ನಿಲ್ಲಿಸಿದರು.

ಧಾರವಾಡದವರೇ, ನಿಮ್ಮ ಮಾತು ಕೇಳಿ ಅರ್ಧ ವೇಗದಲ್ಲಿ ದಿನಾ ಹತ್ತು ನಿಮಿಷ ಮಾಡ್ತಿದೀನಿ. ನೋವು ಮುಕ್ಕಾಲು ಪಾಲು ಹೋಗಿದೆ.

ಸರಾಣಿ ತಂತಿ:

ನಮ್ಮ ಹುಡುಗರಿಗೆ ಆ ಧ್ವನಿಮುದ್ರಣ ಕೇಳಿಸಬೇಕು ಎಂದಿದೆ. ಸರಳೆ ಬೇಸರ ಎಂದು ಮುಖ ಗಂಟಿಕ್ಕುವ ಇಬ್ಬರಿದ್ದಾರೆ. ಕಳುಹಿಸಲು ಸಾಧ್ಯವೇ? ಉಳಿದ ಮೂವರನ್ನು ಕೇಳಿಯೇ ಕಳುಹಿಸಿ.

ಮಲ್ಲೇಶ್ವರದ ಬೇಸ್:

ಸರ್, ಓದಿ ತುಂಬಾ ಸಮಾಧಾನ ಆಯ್ತು. ನಿನ್ನೆ ನಮ್ಮ ಹಳೇ ಡ್ರಮ್ಮರ್‌ಗೆ ಫೋನ್ ಮಾಡಿದೆ, ಆರು ವರ್ಷದ ಮೇಲೆ. ದೋಸೆಗೆ ಬರ್ತೀನಿ ಅಂದ. ಬ್ಯಾಂಡ್ ಬಗ್ಗೆ ಇಬ್ಬರೂ ಎತ್ತಲಿಲ್ಲ. ನೀವು ‘ಮಿಸಿರ್ಲೂ’ ಯಾವ ವೇಗದಲ್ಲಿ ನುಡಿಸ್ತೀರಿ? ಬೇಸ್ ಭಾಗ ಮನೆಯಲ್ಲೇ ಕೂತು ನೋಡೋಣ ಅಂತ.

ಗ್ಯಾರೇಜ್ ವೈಣಿಕ:

ಮೇಡಂ, ಮೂವರೂ ಆಗಲಿ ಅಂದಿದ್ದಾರೆ, ಇವತ್ತೇ ಕಳಿಸ್ತೀನಿ.

ಮಲ್ಲೇಶ್ವರದವರೇ, ನಾವು ನಿಮಿಷಕ್ಕೆ 150ರಲ್ಲಿ ನುಡಿಸ್ತೀವಿ, ಮೂಲ ಇದಕ್ಕಿಂತ ಜೋರು. ನೀವು 100ರಿಂದ ಶುರು ಮಾಡಿ. ಬೇಸ್ ಬಹುಪಾಲು ಷಡ್ಜದಲ್ಲೇ ನಿಲ್ಲುತ್ತೆ, ಶ್ರುತಿ ಹಿಡಿದ ಹಾಗೆ, ಆದರೆ ಡ್ರಮ್ಸ್‌ನ ಆ ಜೋಡಿ ಹೊಡೆತಕ್ಕೆ ಸರಿಯಾಗಿ ಕೂರಬೇಕು. ನಮ್ಮ ಶಿಕ್ಷಕಿ ಬರೆದಿಟ್ಟುಕೊಂಡ ಹಾಳೆ ಇದೆ, ಈ ಗುರುವಾರ ಅವರನ್ನ ಕೇಳಿ ಫೋಟೋ ತೆಗೆದು ಹಾಕ್ತೀನಿ. ನಿಮ್ಮ ಡ್ರಮ್ಮರ್‌ಗೂ ಆಗುತ್ತೆ.